ಒಬ್ಬ ನೌಕರ ಬೇಕಾಗಿದ್ದಾನೆ

ಹಲ್ಲುಜ್ಜುವಾಗ ಬಂದ ಫೋನನ್ನು ತಕ್ಕಡಿಯಣ್ಣ ಎತ್ತಬಾರದಿತ್ತು. ಎತ್ತಿದ. ಬಾಯಿ ತುಂಬ ನೊರೆ ಇದ್ದದ್ದರಿಂದ ಬೈಯುವುದಕ್ಕೂ ಆಗಲಿಲ್ಲ.

"ಸಾರ್, ಇವತ್ತು ಬರಕ್ಕಾಗಲ್ಲ. ನಾಳೇನೂ ಆಗಲ್ಲ. ಬೇರೆ ಕಡೆ ಕೆಲಸ ಸಿಕ್ತು," ಎಂದಿತು ಆ ಕಡೆಯ ದನಿ. ಫೋನು ಕಟ್ಟಾಯಿತು.

ಮಾತಾಡಿದವನು ಮನೆ ಮಾಲಕಿಯ ತಮ್ಮನ ಮಗ. ತಕ್ಕಡಿಯಣ್ಣನ ಕಂಪನಿಯ ಏಕೈಕ ನೌಕರ. ಕಂಪನಿ ಇನ್ನೂ ಹುಟ್ಟಿರಲಿಲ್ಲ, ನೌಕರ ಇನ್ನೂ ಒಂದು ದಿನವೂ ಬಂದಿರಲಿಲ್ಲ, ಅಷ್ಟರಲ್ಲೇ ರಾಜೀನಾಮೆ.

ತಕ್ಕಡಿಯಣ್ಣ ಈ ದೇಶದವನಲ್ಲ. ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವ ಕಂಪನಿಯೊಂದಕ್ಕೆ ಕೆಲಸಗಾರನಾಗಿ ಬಂದವನು. ಬೀದಿಯವರು, ಅವನ ಹೆಸರಿಗೆ ನಾಲಿಗೆ ಹೊರಳದೆ, ತಕ್ಕಡಿಯಣ್ಣ ಎಂದು ಕರೆದು ಕೈತೊಳೆದುಕೊಂಡಿದ್ದರು. ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು, ಇನ್ನು ಯಾರಿಗೂ "ಸಾರ್" ಅನ್ನುವುದಿಲ್ಲ ಎಂದು ಹೋದ ತಿಂಗಳು ಕೆಲಸ ಬಿಟ್ಟ. ಕೆಲಸದ ಜೊತೆಗೆ ಈ ದೇಶದಲ್ಲಿ ಇರುವ ಪರವಾನಗಿಯೂ ಹೋಯಿತು. ಸ್ವಂತ ಕಂಪನಿ ನೋಂದಣಿಯಾದರೆ ಹೊಸ ಪರವಾನಗಿ. ಆದರೆ ಹೊರದೇಶದವನ ಕಂಪನಿ ನೋಂದಣಿಯಾಗಬೇಕಾದರೆ, ಅಧಿಕಾರಿ ನೋಡಲು ಬಂದಾಗ ಅಲ್ಲಿ ಈ ದೇಶದ ನೌಕರ ಒಬ್ಬನಾದರೂ ಕೂತಿರಬೇಕು. ಅಧಿಕಾರಿ ಬರುವುದು ಇವತ್ತು. ಹೊಸ ಪರವಾನಗಿಗೆ ಕೊಟ್ಟಿದ್ದ ಗಡುವು ಮುಗಿಯುವುದೂ ಇವತ್ತೇ. ತಪ್ಪಿದರೆ ಹೆಂಡತಿ, ಮಗಳು, ಪೆಟ್ಟಿಗೆ ಸಮೇತ ಗಂಟುಮೂಟೆ ಕಟ್ಟಬೇಕು. ಮಗಳು ಹುಟ್ಟಿದ್ದೇ ಇಲ್ಲಿ. ಅಪ್ಪನ ದೇಶ ಎಂದರೆ ಅವಳ ಪಾಲಿಗೆ ಫೋನಿನಲ್ಲಿ ಕೆಮ್ಮುವ ಅಜ್ಜಿ, ಅಷ್ಟೇ.

"ಬೀದಿ ತುಂಬ ಜನ ಇದಾರೆ, ಒಬ್ಬರು ಸಿಗಲ್ವಾ? ಹೋಗ್ರೀ, ಬಾಯಿಬಿಟ್ಟು ಕೇಳ್ರೀ," ಎಂದು ಹೆಂಡತಿ ಮಗಳ ಜಡೆ ಹೆಣೆಯುತ್ತಲೇ ಅವನನ್ನು ಹೊರದೂಡಿದಳು.

ಮೊದಲು ಸಿಕ್ಕಿದವಳು ಮನೆ ಮಾಲಕಿ. ಅಣ್ಣ-ತಮ್ಮಂದಿರ ಮಕ್ಕಳ ಬಗ್ಗೆ ಅವಳಿಗೆ ಎಂದೂ ಭರವಸೆ ಇರಲಿಲ್ಲವಂತೆ.

"ನಾನೇ ಬಂದು ಕೂತ್ಕೋತೀನಿ ಬಿಡು, ಅದಕ್ಕೇನಂತೆ?"

"ಕಟ್ಟಡದ ಮಾಲೀಕರು ನೌಕರ ಆಗೋ ಹಾಗಿಲ್ಲವಂತೆ ಅಕ್ಕಾ. ರೂಲ್ಸು."

"ನನ್ನ ಮನೇಲಿ ಕೂರಕ್ಕೆ ನಂಗೆ ರೂಲ್ಸಾ?" ಎಂದು ಮಾಲಕಿ ಕೆರಳಿ, ಯಾವುದಕ್ಕೂ ಇರಲಿ ಎಂದು ಮಹಡಿಯ ಮೇಲಿನ ಕಂಪನಿ ಕೋಣೆಗೆ ಬಂದು ಕೂತೇಬಿಟ್ಟಳು.

ಆಮೇಲೆ ಸಿಕ್ಕ ನಿವೃತ್ತ ಮೇಷ್ಟ್ರಿಗೆ ನೌಕರನಾಗುವ ವಯಸ್ಸು ಮೀರಿತ್ತು. "ವಯಸ್ಸು ಮೈಗೆ ಕಣಯ್ಯಾ, ಬುದ್ಧಿಗಲ್ಲ. ಸಲಹೆಗಾರ ಅಂತ ಬರ್ಕೋ," ಎಂದು ಅವರೂ ಮಹಡಿ ಹತ್ತಿದರು. ಉಳಿದವನು ಕೆಳಗಂಗಡಿಯ ಟೈಲರ್.

"ನಿಮಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ ತಕ್ಕಡಿಯಣ್ಣ. ಅಂಗಡಿ ಮಾತ್ರ ಮುಚ್ಚಕ್ಕಾಗಲ್ಲ. ಇವತ್ತು ಎರಡು ಕೋಟು ಕೊಡಬೇಕು."

"ಹಾಗಾದ್ರೆ?"

"ಮಿಷನ್ನೇ ಮೇಲೆ ತರೋಣ. ನಿಮ್ಮ ಕೆಲಸವೂ ಆಯ್ತು, ನಂದೂ ಆಯ್ತು."

ಇಬ್ಬರೂ ಸೇರಿ ಹೊಲಿಗೆ ಮಿಷನ್ನನ್ನು ಮದುಮಗಳ ಹಾಗೆ ನಿಧಾನಕ್ಕೆ ಮೇಲಕ್ಕೆ ಹತ್ತಿಸಿದರು. ಮಿಷನ್ನಿನ ಹಿಂದೆ ಬಟ್ಟೆಯ ಗಂಟು ಬಂತು. ಗಂಟಿನ ಹಿಂದೆ ಗಿರಾಕಿಗಳು ಬಂದರು. ತಕ್ಕಡಿ ಕಂಪನಿಯ ಪುಟ್ಟ ಕೋಣೆಯಲ್ಲಿ ಕತ್ತರಿ ಕಚಕಚ ಎನ್ನತೊಡಗಿತು. ಒಂದು ಗಂಟೆ ಹೊತ್ತಿಗೆ ಅಧಿಕಾರಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ಟೈಲರ್ ಮೇಷ್ಟ್ರ ಹೊಟ್ಟೆಯ ಸುತ್ತ ಟೇಪು ಸುತ್ತುತ್ತಿದ್ದ. ಕೂತಲ್ಲಿಗೇ ಟೈಲರ್ ಬಂದಿರುವಾಗ ತಮಗೂ ಒಂದು ಕೋಟು ಇರಲಿ ಎಂದು ಮೇಷ್ಟ್ರಿಗೆ ಹೊಳೆದಿತ್ತು.

ಅಧಿಕಾರಿ ಹೊರಗಿನ ಬೋರ್ಡು ನೋಡಿದರು, ಒಳಗಿನ ಹೊಟ್ಟೆ ನೋಡಿದರು. "ಇಲ್ಲಿ ತೂಕದ ಕೆಲಸವೋ, ಅಳತೆ ಕೆಲಸವೋ?"

"ತೂಕದ್ದೇ ಸಾರ್, ತೂಕದ್ದೇ! ಇವರೇ ನಮ್ಮ ನೌಕರರು," ಎಂದು ತಕ್ಕಡಿಯಣ್ಣ ಟೈಲರನನ್ನು ಮುಂದೆ ತಳ್ಳಿದ.

"ಏನಪ್ಪಾ, ನೀನು ಇವರ ನೌಕರನಾ?"

ಟೈಲರನ ಮುಖ ಕೆಂಪಾಯಿತು. ಪ್ರಾಣ ಕೊಡುತ್ತೇನೆಂದಿದ್ದನೇ ಹೊರತು ಮಾನ ಕೊಡುತ್ತೇನೆಂದಿರಲಿಲ್ಲ. "ನಾನಾ? ನೌಕರನಾ? ನಮ್ಮಪ್ಪನ ಕಾಲದಿಂದ ಸ್ವಂತ ಅಂಗಡಿ ಸಾರ್ ನಂದು! ಕೆಳಗೆ ಹೋಗಿ ಬೋರ್ಡು ನೋಡಿ!" ಎಂದು ಟೇಪನ್ನು ಕತ್ತಿಗೆ ಎಸೆದುಕೊಂಡು ಇಳಿದೇ ಹೋದ. ಮಾಲಕಿಯೂ ಮೇಷ್ಟ್ರೂ ಗಿರಾಕಿಗಳೂ, ಮನೆ ಹಾಳಾಗುವುದನ್ನು ನೋಡಲಾರದ ಸಭ್ಯಸ್ಥರಂತೆ, ಹಿಂದೆಯೇ ಜಾರಿಕೊಂಡರು.

ಅಧಿಕಾರಿ ಉಸ್ಸೆಂದು ಕೂತು, ಮೊಣಕಾಲು ನೀವಿಕೊಂಡು, ಪೆನ್ನು ತೆಗೆದರು. "ಅಂದ್ರೆ ನೌಕರ ಇಲ್ಲ."

"ಸಿಗ್ತಾರೆ ಸಾರ್. ಸಂಜೆವರೆಗೂ ಟೈಮಿದೆಯಲ್ಲ. ಇಂಥ ಕೆಲಸ ಯಾರು ಬೇಡ ಅಂತಾರೆ?"

"ಎಂಥ ಕೆಲಸ?"

"ಕೂತು ಮಾಡೋ ಕೆಲಸ ಸಾರ್. ಫೋನ್ ಬಂದ್ರೆ ಎತ್ತೋದು, ಯಾರ ತಕ್ಕಡಿ ಕೆಟ್ಟಿದೆ ಅಂತ ಬರ್ಕೊಳ್ಳೋದು. ಓಡಾಟ ಎಲ್ಲ ನಂದು."

"ಮೆಟ್ಲು ಹತ್ತೋದು?"

"ಬೆಳಗ್ಗೆ ಒಂದ್ಸಲ."

"ಮೇಲಿನವರು ಎಷ್ಟು ಜನ?"

"ನಾನೊಬ್ಬನೇ. ನಾನೂ ಹೊರಗಡೇನೇ ಇರ್ತೀನಿ."

"ಊಟ ಆದ್ಮೇಲೆ ಒಂದರ್ಧ ಗಂಟೆ ಕಣ್ಣು ಮುಚ್ಚಿದ್ರೆ?"

ಇದನ್ನೂ ಬರೆದುಕೊಳ್ಳುತ್ತಾರೇನೋ ಎಂದು ತಕ್ಕಡಿಯಣ್ಣ ಇಣುಕಿದ. ಪೆನ್ನು ಕದಲಿರಲಿಲ್ಲ. ಅಧಿಕಾರಿಯ ಕಣ್ಣು ಮಾತ್ರ ಕಿಟಕಿ ಪಕ್ಕದ ಖಾಲಿ ಕುರ್ಚಿಯ ಮೇಲೆ, ಹಸಿದವನು ಹೋಟೆಲಿನ ಗಾಜಿಗೆ ಮೂಗು ಒತ್ತಿದ ಹಾಗೆ, ನೆಟ್ಟಿತ್ತು.

"ನಾನು ಈ ದೇಶದವನೇ ಕಣ್ರೀ," ಎಂದರು ಮೆಲ್ಲಗೆ.

ತಕ್ಕಡಿಯಣ್ಣನಿಗೆ ಹೋದ ಜೀವ ಬಂದಂತಾಯಿತು. "ಸಾರ್! ಬಂದ್ಬಿಡಿ ಸಾರ್! ಈಗ್ಲೇ ಬನ್ನಿ!"

ಅಧಿಕಾರಿ ಅಲ್ಲಿಂದಲೇ ತಮ್ಮ ಮೇಲಧಿಕಾರಿಗೆ ಫೋನು ಮಾಡಿದರು. ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದರು. ಮೇಲಧಿಕಾರಿಯ ಬೋಳುತಲೆಯಿಂದ ಹಿಡಿದು ಅವರ ಹೆಂಡತಿಯ ತಮ್ಮನಿಗೆ ಸಿಕ್ಕ ಬಡ್ತಿಯವರೆಗೆ ಏನನ್ನೂ ಬಿಡಲಿಲ್ಲ. ಆ ಕಡೆಯಿಂದ ಬಂದ ಉತ್ತರ ಬೀದಿಗೂ ಕೇಳಿಸಿತು: "ಈ ಕ್ಷಣದಿಂದ ನೀನು ನಮ್ಮ ಆಫೀಸಿನವನಲ್ಲ!"

"ಮುಗೀತು," ಎಂದು ಅಧಿಕಾರಿ ನಕ್ಕರು. ಹತ್ತು ವರ್ಷ ಚಿಕ್ಕವರಾದಂತೆ ಕಂಡರು.

"ಹಾಗಾದ್ರೆ ಸೈನ್ ಹಾಕಿ ಸಾರ್. ನೌಕರ ಇದಾರೆ ಅಂತ."

"ಸೈನಾ? ನಾನು ಹೇಗೆ ಹಾಕ್ಲಿ? ಈಗ ತಾನೇ ಕೆಲಸ ಬಿಟ್ನಲ್ಲ. ಈ ಏರಿಯಾಕ್ಕೆ ಅಧಿಕಾರಿ ನಾನೊಬ್ಬನೇ ಇದ್ದಿದ್ದು."

ತಕ್ಕಡಿಯಣ್ಣ ಗಡಿಯಾರ ನೋಡಿದ. "ಹೊಸಬರು ಯಾವಾಗ ಬರ್ತಾರೆ?"

"ನನ್ನ ಹಿಂದಿನವರು ಹೋದ್ಮೇಲೆ ನಾನು ಬರೋಕೆ ಎರಡು ವರ್ಷ ಹಿಡೀತು."

ಮಾಜಿ ಅಧಿಕಾರಿ ಕೊಂಚ ಹೊತ್ತು ಗದ್ದ ಕೆರೆದುಕೊಂಡರು. ಕಾನೂನು ಅರೆದು ಕುಡಿದ ಮನುಷ್ಯ. ದಾರಿ ಇಲ್ಲದೆ ಇರುತ್ತದೆಯೇ?

"ಒಂದು ಮಾಡಬಹುದು ಸಾರ್. ಈ ದೇಶದವರ ಕಂಪನಿಗೆ ಪರಿಶೀಲನೆ, ಗಿರಿಶೀಲನೆ ಏನೂ ಇಲ್ಲ. ಮೊಬೈಲಿನಲ್ಲೇ ನೋಂದಣಿ ಆಗುತ್ತೆ. ಹೊರದೇಶದ ಕೆಲಸಗಾರನಿಗೆ ಪರವಾನಗಿ ಬೇಕು ಅಂತ ಕಂಪನಿ ಮಾಲೀಕ ಕೇಳಿದ್ರೆ, ಅದೂ ಕೂತಲ್ಲೇ ಸಿಗುತ್ತೆ."

"ಮಾಲೀಕ ಯಾರು?"

"ಯಾರಾದ್ರೂ ಒಬ್ಬರು ಆಗಬೇಕಲ್ಲ," ಎಂದು ಅವರು ಸಂಕೋಚದಿಂದ ಕನ್ನಡಕ ಒರೆಸಿಕೊಂಡರು. "ಸುಮ್ನೆ ಹೆಸರಿಗೆ ಸಾರ್."

ತಕ್ಕಡಿಯಣ್ಣ ಹೆಂಡತಿಗೆ ಫೋನು ಮಾಡಿದ. ಅವಳು, "ಮಗು ಸ್ಕೂಲು ತಪ್ಪಲ್ಲ ಅಲ್ವಾ? ಹಾಗಾದ್ರೆ ಹೂಂ ಅನ್ರೀ," ಎಂದಳು.

ಹೂಂ ಅಂದ. ಸೂರ್ಯ ಮುಳುಗುವ ಮೊದಲೇ ಕಂಪನಿ ಹುಟ್ಟಿತು, ಪರವಾನಗಿ ಬಂತು. ಮಾಲೀಕರು ಕಾಲು ಚಾಚಿ, "ಒಂದು ಸ್ಟ್ರಾಂಗ್ ಕಾಫಿ ಸಿಕ್ಕಿದ್ರೆ ಚೆನ್ನಾಗಿತ್ತಪ್ಪ," ಎಂದರು. 'ಸಾರ್' ಹೋಗಿ 'ಅಪ್ಪ' ಬಂದದ್ದು ತಕ್ಕಡಿಯಣ್ಣನಿಗೆ ಅರ್ಧ ಮೆಟ್ಟಿಲು ಇಳಿದ ಮೇಲೆ ಹೊಳೆಯಿತು. ಆದರೂ ಇಳಿದ. ಕಾಫಿ ಹಿಡಿದು ವಾಪಸು ಬಂದಾಗ ಬಾಗಿಲು ಒಳಗಿನಿಂದ ಮುಚ್ಚಿತ್ತು.

ತನ್ನ ಕೈಯಾರೆ ಸುಣ್ಣ ಬಳಿದ ಕೋಣೆ. ತಕ್ಕಡಿಯಣ್ಣ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.

"ಒಳಗೆ ಬರ್ಲಾ ಸಾರ್?"

"ಒಂದ್ನಿಮಿಷ ನಿಲ್ಲಯ್ಯ, ಫೋನಲ್ಲಿದ್ದೀನಿ!"

ನಿಂತ.