ಪಕ್ಕದವನ ಎರಡು ನಕ್ಷತ್ರ

ಅಸೂಯೆ ಪಡಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತಾಳವಾಡಿಯಲ್ಲಿ ಏನು ಒಳ್ಳೆಯದಾದರೂ ಅದು ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಹಿಟ್ಟಿನ ಗಿರಣಿಯವನಿಗೇ ಆಗುತ್ತದೆ.

೧. ಚೌಕಟ್ಟು

ರಾಗಿ ಬೀಸಿಸಲು ಬಂದ ದೊಡ್ಡಗಾಜನೂರಿನ ಅಜ್ಜಿಯೊಬ್ಬರು ಅವನಿಗೆ ಹಳೆಯ ಎರಡು ರೂಪಾಯಿ ನಾಣ್ಯ ಕೊಟ್ಟರು. ಇಸವಿಯ ಕೆಳಗೆ ಹೈದರಾಬಾದ್ ಟಂಕಸಾಲೆಯ ಗುರುತಾದ ನಕ್ಷತ್ರ. ಒಂದಿರಬೇಕಾದಲ್ಲಿ ಎರಡು, ಒಂದರ ಮೇಲೊಂದು. ಮುಂಬೈಗೆ ವಜ್ರದ ಆಕಾರ, ನೋಯ್ಡಾಕ್ಕೆ ಚುಕ್ಕಿ, ಕಲ್ಕತ್ತಕ್ಕೆ ಗುರುತೇ ಇಲ್ಲ ಎಂಬುದನ್ನೆಲ್ಲ ಅವನು ಒಂದೇ ವಾರದಲ್ಲಿ ಕಲಿತು, ಹಿಟ್ಟಿನ ಜೊತೆಗೆ ಹಂಚತೊಡಗಿದ.

“ಅಚ್ಚಿನ ಮೇಲೇ ಎಲ್ಡೇಟು ಒಡ್ದವ್ರೆ ಕಣಣ್ಣ. ಇಂತದ್ದು ನಿಂಗೆ ಸಿಗಕ್ಕಿಲ್ಲ.”

ಅದರ ಜೆರಾಕ್ಸ್ ದೊಡ್ಡದು ಮಾಡಿಕೊಡು ಎಂದ. ನನ್ನ ಯಂತ್ರಕ್ಕೆ ನಡುಗುವ ಕಾಯಿಲೆ. ಕಾಗದದ ಮೇಲೆ ಮೂರು ನಕ್ಷತ್ರ ಬಂದವು. ಅವನು ಅದಕ್ಕೆ ಕಟ್ಟು ಹಾಕಿಸಿ ಗಿರಣಿಯಲ್ಲಿ ನೇತುಹಾಕಿದ.

೨. ಪರೀಕ್ಷೆ

ನಾನು ಚಾಮರಾಜನಗರಕ್ಕೆ ಬಸ್ಸು ಹತ್ತಿ ಭೂತಗನ್ನಡಿ ತಂದೆ, ವಿಷಯ ಓದಿಕೊಂಡೆ. ನಾಣ್ಯ ಒತ್ತುವ ಅಚ್ಚಿನಲ್ಲೇ ಗುರುತನ್ನು ಎರಡು ಸಲ ಹೊಡೆದಿದ್ದರೆ ಎರಡನೆಯ ನಕ್ಷತ್ರವೂ ಮೊದಲನೆಯದರಂತೆ ಉಬ್ಬಿ ನಿಲ್ಲುತ್ತದೆ, ನಡುವೆ ಸಣ್ಣ ಸೀಳಿರುತ್ತದೆ, ಮೇಲಿನ ಇಸವಿಯ ಅಂಕಿಗಳು ಒಂಟಿಯಾಗಿಯೇ ಇರುತ್ತವೆ. ಬೆಲೆಯಿರುವುದು ಅದಕ್ಕೆ. ನಾಣ್ಯ ಮಾಡುವಾಗ ಅಚ್ಚು ಜಾರಿದ್ದರೆ ಎರಡನೆಯದು ತುಳಿದ ಹಾಗೆ ಚಪ್ಪಟೆ. ಅಂಕಿಗಳೂ ಅದೇ ಕಡೆಗೆ ಜಾರಿರುತ್ತವೆ. ಅಂಥದ್ದು ಬರಿಯ ಎರಡು ರೂಪಾಯಿ.

ಅವನ ದೇವರ ಮನೆಯಲ್ಲಿ ಲಿಂಗದ ಪಕ್ಕ ವಿಭೂತಿ ಹಚ್ಚಿಸಿಕೊಂಡು ಹೊಳೆಯುತ್ತ ಕೂತಿದ್ದ ನಾಣ್ಯವನ್ನು ನೋಡಿದೆ. ಚಪ್ಪಟೆ. ಅಂಕಿಗಳೂ ಜಾರಿದ್ದವು. ಬಹಳ ದಿನಗಳ ಮೇಲೆ ನನಗೆ ಚೆನ್ನಾಗಿ ಹಸಿವಾಯಿತು. ಎಲ್ಲವನ್ನೂ ಬಿಡಿಸಿ ಹೇಳಿದೆ.

“ಅದೆಲ್ಲ ಇರ್ಲಿ ಬುಡಣ್ಣ. ಎಲ್ಡು ಕಾಣ್ತದೋ ಇಲ್ವೋ?”

“ಕಾಣ್ತದೆ. ಆದ್ರೆ...”

ಜೆರಾಕ್ಸ್ ಅಣ್ಣನೇ ಭೂತಗನ್ನಡಿ ಹಿಡಿದು ನೋಡಿ ಒಪ್ಪಿಕೊಂಡಿದ್ದಾನೆ ಎಂದು ಮರುದಿನದಿಂದ ಅವನು ಎಲ್ಲರಿಗೂ ಹೇಳತೊಡಗಿದ.

೩. ನಮ್ಮದು

ಇನ್ನು ನಿಜವಾದದ್ದನ್ನು ಅವನ ಕಣ್ಣಿಗೆ ಹಿಡಿಯುವವರೆಗೆ ನನಗೆ ಸಮಾಧಾನವಿರಲಿಲ್ಲ. ಮೂರು ತಿಂಗಳು ಗಿರಾಕಿಗಳ ಚಿಲ್ಲರೆ ಕೆದಕಿದೆ. ಸಿಕ್ಕಿತು. ಎರಡೂ ನಕ್ಷತ್ರ ಉಬ್ಬಿದ್ದವು, ನಡುವೆ ಸೀಳು, ಅಂಕಿಗಳು ಒಂಟಿ. ಮನೆಯವಳಿಗೆ ಮಾತ್ರ ತೋರಿಸಿದೆ. ಗಿರಣಿಯವನು ಮಗಳ ಮನೆಗೆಂದು ಹಾಸನೂರಿಗೆ ಹೋಗಿದ್ದ. ಇಂಥ ನಾಣ್ಯವನ್ನು ಕಂಡಕಂಡವರಿಗೆ ತೋರಿಸಿ ಹಾಳುಮಾಡುವುದು ಬೇಡವೆಂದು ನಮ್ಮ ದೇವರ ಮನೆಯಲ್ಲಿಟ್ಟು ಕಾದೆ. ಒಂದು ತಿಂಗಳಾಯಿತು.

ಅವನು ಬಂದ ದಿನವೇ ಕರೆದು ಕೂರಿಸಿ, ಕಾಫಿ ಕೊಡಿಸಿ, ಭೂತಗನ್ನಡಿಯನ್ನೂ ಕೈಗಿಟ್ಟೆ. ಮನೆಯವಳು ನಾಣ್ಯ ತಂದಳು. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ನನ್ನ ಮುಖ ನೋಡಿ ಅವಳೇ ಹೇಳಿದಳು: “ಗಿರಣಿಯೋರ ಮನೇದು ಅಷ್ಟು ಒಳೀತದೆ. ನಮ್ದು ಮಾತ್ರ ಮಂಕಾಗಿ ಕೂತಿರ್ಬೇಕಾ? ದಿನಾ ದೇವ್ರ ಸಾಮಾನಿನ ಜೊತ್ಗೆ ಉಣ್ಸೆಣ್ಣು, ಇಟ್ಟಿಗೆಪುಡಿ ಆಕಿ ತಿಕ್ಕಿವ್ನಿ.”

ಗಿರಣಿಯವನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಇಸವಿಯೇ ಸವೆದು ಅರ್ಧ ಉಳಿದಿತ್ತು. ಅದರ ಕೆಳಗೆ ನುಣ್ಣಗೆ ಬಯಲು. ಆಮೇಲೆ ನನ್ನ ಭುಜ ತಟ್ಟಿದ.

“ನಕ್ಷತ್ರನೇ ಇಲ್ವಲ್ಲಣ್ಣ. ಇದು ಕಲ್ಕತ್ತದ್ದು.”