ಕಿಟಕಿಯ ಹದ್ದುಬಸ್ತು

ಜಮಖಂಡಿ ತಾಲೂಕಿನ ಹೊಲಗಳನ್ನು ಮೂವತ್ತೊಂದು ವರ್ಷ ಅಳೆದವನು ನಾನು. ಕಬ್ಬಿನೊಳಗೆ ಹೊಕ್ಕು ಮೈಯೆಲ್ಲ ತುರಿಸಿಕೊಂಡು, ಬದುವಿನ ಎರಡೂ ಕಡೆಯವರಿಂದ ಬೈಸಿಕೊಂಡು ಅಳೆದಿದ್ದೇನೆ. ನಾನು ನೆಡಿಸಿದ ಗಡಿಕಲ್ಲನ್ನು ಮರುದಿನವೇ ಕಿತ್ತವರುಂಟು, ಆದರೆ ಅಳತೆ ತಪ್ಪಿದೆ ಎಂದವರಿಲ್ಲ. ಅಂಥವನಿಗೆ ತನ್ನದೇ ಮನೆಯ ಒಂದು ಕಿಟಕಿಯನ್ನು ಅಳೆಯಲು ಬರುವುದಿಲ್ಲ ಎಂದರೆ ಮನಸ್ಸಿಗೆ ಹೇಗಾಗಬೇಡ? (ಹೀಗೆಂದು ಹೆಂಡತಿಯನ್ನೇ ಕೇಳಿದೆ. ಆಕೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಕೇಳಿಸಲಿಲ್ಲವಂತೆ.)

ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಯಾರೂ ನನ್ನನ್ನು ಏನನ್ನೂ ಅಳೆಯಲು ಕರೆದಿರಲಿಲ್ಲ. ಮುಚ್ಚುಮರೆ ಏಕೆ, ಅದರಿಂದ ನನಗೆ ಬಹಳ ಬೇಸರವಾಗಿತ್ತು. ಹೀಗಿರುವಾಗ ಹುನ್ನೂರಿನಿಂದ ಒಂದು ಬದುವಿನ ತಕರಾರು ನನ್ನ ಹೆಸರು ಕೇಳಿಕೊಂಡು ಬಂತು. ಗಿರಮಲ್ಲಪ್ಪ ಅಣ್ಣ, ಚನಮಲ್ಲಪ್ಪ ತಮ್ಮ. ಒಂದು ಬದುವಿನ ಸಲುವಾಗಿ ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕೋರ್ಟು ಬೇಡ, ಇಬ್ಬರೂ ಒಪ್ಪುವ ಒಬ್ಬರಿಂದ ಅಳೆಸಿ, ಅವರು ಹಾಕಿದ್ದೇ ಗೆರೆ ಎಂದುಕೊಳ್ಳಿ ಎಂದು ಊರ ಹಿರಿಯರು ಹೇಳಿದ್ದರು. ಆ ಒಬ್ಬರು ನಾನಾಗಬಹುದೋ ಹೇಗೆ ಎಂದು ನೋಡಲು ಅಣ್ಣತಮ್ಮಂದಿರು ಭಾನುವಾರ ನಮ್ಮ ಮನೆಗೆ ಬರುವವರಿದ್ದರು.

ನಮ್ಮ ಪಡಸಾಲೆಯ ಕಿಟಕಿಗೆ ಆಗ ನನ್ನ ಹೆಂಡತಿ ಶಿವವ್ವನ ಹಳೆಯ ಹಸಿರು ಸೀರೆಯೊಂದು ಪರದೆಯಾಗಿತ್ತು. ಅಳತೆಯ ಮನುಷ್ಯನ ಮನೆಯಲ್ಲಿ ಸೀರೆ ಜೋತಾಡುವುದು ಶೋಭೆಯಲ್ಲ ಎಂದು ನನಗೆ ಅನಿಸಿತು. ಶಿವವ್ವನ ತಮ್ಮ ಮಹಾಲಿಂಗನಿಗೆ ಬನಹಟ್ಟಿಯಲ್ಲಿ ನಾಲ್ಕು ಮಗ್ಗ. ಬಟ್ಟೆಗೆ ಬರವಿಲ್ಲ. ಹೊಲಿಸಿಯೂ ಕಳಿಸುತ್ತಾನೆ. ಬೇಕಾದದ್ದು ಅಳತೆ ಮಾತ್ರ, ಅದು ನನ್ನ ಬಳಿ ಇದೆ.

ಅಟ್ಟದಿಂದ ಟೇಪು ಇಳಿಸುತ್ತಿದ್ದಂತೆ ಶಿವವ್ವ ಬಾಗಿಲಿಗೆ ಬಂದು ನಿಂತಳು.

"ಕಿಡಕಿಗೆ ಟೇಪ್ ಯಾಕ್ರಿ? ನಾ ಗೇಣ ಹಾಕಿ ಹೇಳತೇನಿ. ಅಗಲಕ್ಕ ಎರಡ ಪಟ್ಟು ಹಿಡೀರಿ, ಉದ್ದಕ್ಕ ಒಂದ ಗೇಣ ಜಾಸ್ತಿ ಬಿಡ್ರಿ. ಆತು."

"ಎರಡ ಪಟ್ಟು? ಕಿಡಕಿ ಇರೂದ ನಾಕ ಫೂಟು."

"ಸೀರಿ ಉಡೂವಾಗ ನಡಾ ಅಳದು ಅಷ್ಟ ಅರಬಿ ತಗೋತಾರೇನ್ರಿ? ನಿರಗಿ ಎಲ್ಲಿಂದ ಬರಬೇಕು?"

"ಇದು ಸೀರಿ ಅಲ್ಲ. ಕಿಡಕಿ ದಾಟಿ ಒಂದ ಇಂಚ ಹ್ವಾದ್ರೂ ಅದು ಗ್ವಾಡಿ ಹದ್ದು. ಒತ್ತುವರಿ ಆಕೈತಿ."

"ಗ್ವಾಡಿ ಯಾರ್ದು?"

"ನಮ್ದು."

"ಮತ್ತ ತಕರಾರ ಯಾರ ಮಾಡತಾರು?"

"ತತ್ವ ಅಂತ ಒಂದ ಇರತೈತಿ."

"ಹಂಗಾರ ಅದಕ್ಕೂ ಒಂದ ಪಡದಿ ಹೊಲಸ್ರಿ," ಎಂದು ಶಿವವ್ವ ಒಳಗೆ ಹೋದಳು.

ನಾನು ವಿಧಿವತ್ತಾಗಿ ಮೋಜಣಿ ನಡೆಸಿದೆ. ಮೂರು ಸಲ ಅಳೆದು ಸರಾಸರಿ ತೆಗೆದೆ. ಅಗಲ ನಾಲ್ಕು ಅಡಿ, ಎತ್ತರ ನಾಲ್ಕೂವರೆ ಅಡಿ, ಅದರ ಮೇಲೆ ಕಾಲು ಇಂಚಿನಷ್ಟು ಸುಣ್ಣದ ಗಂಟು (ಅದನ್ನು ಷರಾ ಕಾಲಮ್ಮಿನಲ್ಲಿ ನಮೂದಿಸಿದೆ). ಚೆನ್ನಾದ ಹಾಳೆಯ ಮೇಲೆ ನಕ್ಷೆ ಬರೆದು ಚಕ್ಬಂದಿ ಹಾಕಿದೆ: ಮೇಲಕ್ಕೆ ಸಜ್ಜಾ, ಕೆಳಕ್ಕೆ ಕಡಪಾ ಕಲ್ಲು, ಎಡಕ್ಕೆ ಕ್ಯಾಲೆಂಡರಿನ ಗೋಡೆ, ಬಲಕ್ಕೆ ಸ್ವಿಚ್ ಬೋರ್ಡಿನ ಗೋಡೆ. ಕಡೆಗೆ ಬಾಜೂದಾರರ, ಅಂದರೆ ಅಕ್ಕಪಕ್ಕದವರ, ಸಹಿ ಬೇಕಲ್ಲ, ಶಿವವ್ವನನ್ನು ಕರೆದೆ. ಆಕೆ ಕೈ ಒರೆಸಿಕೊಂಡು ಬಂದು ಸಹಿ ಮಾಡಿದವಳು ಪೆನ್ನು ಹಿಂದೆ ಕೊಡಲಿಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ 'ನಿರಗಿ ಬರೂದಿಲ್ಲ. ತೊಳದ್ರ ಗಿಡ್ಡ ಆಕೈತಿ' ಎಂದು ಬರೆದಳು.

ದಾಖಲೆಯಲ್ಲಿ ಬಂದ ಆಕ್ಷೇಪಣೆಗೆ ಆದೇಶವಿಲ್ಲದೆ ಬಿಡುವ ಹಾಗಿಲ್ಲ. ನಾನು ಅದರ ಕೆಳಗೆ 'ಪರಿಶೀಲಿಸಲಾಗಿದೆ. ಹುರುಳಿಲ್ಲವಾದ್ದರಿಂದ ತಿರಸ್ಕರಿಸಲಾಗಿದೆ' ಎಂದು ಬರೆದು, ತಾರೀಖು ಹಾಕಿ, ನನ್ನ ಹೆಸರಿನ ಹಳೆಯ ರಬ್ಬರ್ ಸ್ಟಾಂಪು ಒತ್ತಿದೆ. ಎರಡು ವರ್ಷದ ಮೇಲೆ ಸ್ಟಾಂಪು ಒತ್ತಿದ ಆ ಸುಖವನ್ನು ಹೇಗೆ ಹೇಳಲಿ. ಇನ್ನೊಂದು ಸಲ ಒತ್ತಿದೆ.

ನಕ್ಷೆಯ ಫೋಟೋ ಬನಹಟ್ಟಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಮಹಾಲಿಂಗನ ಫೋನು.

"ಮಾಮಾರ, ಇದು ಕಿಡಕಿ ಅಳತ್ಯೋ ಪಡದಿ ಅಳತ್ಯೋ?"

"ಎರಡೂ ಒಂದ."

"ಒಂದ ಹೆಂಗ ಆಕೈತ್ರಿ? ಮಡಚಿ ಹೊಲ್ಯಾಕ ಬೇಕು, ನಿರಗಿ ಬೇಕು. ಕತ್ತರಿ ಹಾಕಿದ ಮ್ಯಾಲ ಹೊಳ್ಳಿ ಜೋಡಸಾಕ ಬರೂದಿಲ್ರಿ. ಅಕ್ಕನ ಒಂದ ಮಾತ ಕೇಳ್ರಿ."

"ಹೊಲದು ತಯಾರ ಆದಾಗ ಬರೊಬ್ಬರಿ ಅಷ್ಟ ಇರಬೇಕು. ಒಂದ ನೂಲ ಹೆಚ್ಚೂ ಇಲ್ಲ, ಒಂದ ನೂಲ ಕಡಿಮಿನೂ ಇಲ್ಲ."

"ಸ್ಟಾಂಪ್ ಬ್ಯಾರೆ ಹೊಡದೀರಿ," ಎಂದು ನಿಟ್ಟುಸಿರಿಟ್ಟು ಆತ ಫೋನ್ ಇಟ್ಟ.

ಶನಿವಾರ ಬೆಳಿಗ್ಗೆ ಬನಹಟ್ಟಿ ಬಸ್ಸಿನಲ್ಲಿ ಕಟ್ಟು ಬಂತು. ಕೆನೆಬಣ್ಣದ ಒಳ್ಳೆಯ ನೂಲಿನ ಪರದೆ. ಟೇಪು ಹಿಡಿದು ನೋಡಿದೆ, ಒಂದು ನೂಲಿನ ವ್ಯತ್ಯಾಸವಿಲ್ಲ. ಶಿವವ್ವನಿಗೂ ತೋರಿಸಿದೆ. ಆಕೆ ಅಳತೆ ನೋಡಲಿಲ್ಲ, ಬಟ್ಟೆಯನ್ನು ಮೂಸಿ ನೋಡಿದಳು.

"ಗಂಜಿ ಅರಬಿ. ನಮ್ಮ ತವರಮನ್ಯಾಗ ಮಗ್ಗದಿಂದ ಇಳಿಸಿದ ಅರಬಿ ನೀರ ಕಾಣಸ್ದ ಯಾರೂ ಕಟ್ಟೂದಿಲ್ಲ. ಆದ್ರ ಇದನ್ನ ತೊಳದ್ರ ಏನ ಆಕೈತಿ ಅಂತ ಬರದ ಕೊಟ್ಟೇನಿ. ಈಗ ನೀವ ಹೇಳ್ರಿ, ತೊಳೀಲ್ಯೋ ಬ್ಯಾಡೋ?"

ಇಲ್ಲಿ ಬೇಡ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬೇಡ ಎಂದರೆ ಆಕ್ಷೇಪಣೆಯಲ್ಲಿ ಹುರುಳಿದೆ ಎಂದು ಒಪ್ಪಿದಂತೆ. ಸ್ಟಾಂಪು ಹಾಕಿದ ಆದೇಶವನ್ನು ನಾನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹಿಂದೆ ತೆಗೆದುಕೊಂಡಿಲ್ಲ.

"ತೊಳಿ. ನೀರಿಗೂ ಅಳತಿಗೂ ಸಂಬಂಧ ಇಲ್ಲ. ಹೊಳಿ ಬಂದು ಎಂಟ ದಿನ ನೀರಾಗ ಮುಳಗಿದ್ದ ಹೊಲಾ ಅಳದೇನಿ ನಾನು. ಗುಂಟೆದಾಗ ಒಂದ ಆಣೆ ಕಡಿಮಿ ಆಗಿರಲಿಲ್ಲ."

ಶಿವವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬಕೆಟ್ಟು ತಂದಳು.

ಭಾನುವಾರ ಬೆಳಿಗ್ಗೆ ಪರದೆ ಕಟ್ಟಿದೆವು. ಕೆಳಗೆ ನಾಲ್ಕು ಬೆರಳು ಬಯಲು, ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು. ನಿರಿಗೆ ಎಂಬುದು ಹೆಸರಿಗೂ ಇಲ್ಲದೆ ಒಣಹಾಕಿದ ಪಂಚೆಯಂತೆ ಸೆಟೆದು ನಿಂತಿತ್ತು. ಕೆಳಗಿನಿಂದ ಜಗ್ಗಿ ನೋಡಿದೆ, ಮೇಲಿನ ಸರಳು ಬಾಗಿತೇ ಹೊರತು ಪರದೆ ಜಗ್ಗಲಿಲ್ಲ. ಹಸಿರು ಸೀರೆಯನ್ನೇ ಮತ್ತೆ ಕಟ್ಟೋಣವೆಂದು ಹುಡುಕಿದರೆ, ಶಿವವ್ವ ಅದನ್ನು ನಡುಮನೆಯ ಕಿಟಕಿಗೆ ಕಟ್ಟಿಬಿಟ್ಟಿದ್ದಳು. ನಿರಿಗೆ ಹಿಡಿದು ಲಕ್ಷಣವಾಗಿ ಕೂತಿತ್ತು. ಬಿಚ್ಚಿ ಕೊಡು ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಹೊರಗೆ ಎರಡು ಮೋಟರ್ ಸೈಕಲ್ ನಿಂತವು. ಒಂದೇ ಊರಿನಿಂದ, ಒಂದೇ ಹೊತ್ತಿಗೆ, ಅಣ್ಣನದೊಂದು, ತಮ್ಮನದೊಂದು.

ಗಿರಮಲ್ಲಪ್ಪ ಪಡಸಾಲೆಯ ಎಡಗಡೆ ಕುರ್ಚಿ ಹಿಡಿದ. ಚನಮಲ್ಲಪ್ಪ ಬಲಗಡೆ. ನಡುವೆ ಇಬ್ಬರು ಕೂರುವಷ್ಟು ಉದ್ದದ ಬಾಂಕು, ಅದರ ಮೇಲೆ ಯಾರೂ ಇಲ್ಲ. ನಾನು ಎದುರಿಗೆ ಕೂತು ಸರಪಳಿ, ಅಡ್ಡಗೆರೆ, ಆಕಾರಬಂದ್ ಎಂದು ನನ್ನ ಅನುಭವ ವಿವರಿಸತೊಡಗಿದೆ. ನಮ್ಮದು ಪೂರ್ವದ ಕಿಟಕಿ. ಒಂಬತ್ತು ಗಂಟೆಯ ಬಿಸಿಲು ಎಡಸಂದಿನಿಂದ ನುಗ್ಗಿ ಗಿರಮಲ್ಲಪ್ಪನ ಕಣ್ಣಿಗೆ ಬಡಿಯಿತು, ಬಲಸಂದಿನಿಂದ ನುಗ್ಗಿ ಚನಮಲ್ಲಪ್ಪನ ಕಣ್ಣಿಗೆ. ಅಣ್ಣ ಕುರ್ಚಿಯನ್ನು ಒಂದು ಗೇಣು ಒಳಗೆ ಸರಿಸಿದ. ತಮ್ಮನೂ ಸರಿಸಿದ. ಬಿಸಿಲೂ ಸರಿಯಿತು. ಕಡೆಗೆ ಪಡಸಾಲೆಯಲ್ಲಿ ನೆರಳೆಂಬುದು ಉಳಿದದ್ದು ನಡುವಿನ ಬಾಂಕಿನ ಮೇಲೆ, ನನ್ನ ಪರದೆ ಮರೆ ಮಾಡಿದಷ್ಟೇ ಜಾಗದಲ್ಲಿ. ನಾನು ಆಕಾರಬಂದ್ ಮುಗಿಸುವ ಹೊತ್ತಿಗೆ ಅಣ್ಣತಮ್ಮಂದಿರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು.

"ಸಾಹೇಬ್ರ," ಎಂದ ಗಿರಮಲ್ಲಪ್ಪ, "ಈ ಪಡದಿ ಅಳತಿ ಯಾರ ತಗೊಂಡಾರ್ರಿ?"

"ಬನಹಟ್ಟಿಂದ ಬಂದದ್ದು ಅದು," ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲ.

ಚಹಾ ತಂದ ಶಿವವ್ವ, "ಇವ್ರ ತಗೊಂಡಾರಪಾ. ನಕ್ಷಾನೂ ಮಾಡ್ಯಾರ. ತರ್ಲೇನು?" ಎಂದಳು. ಯಾರೂ ಹೂಂ ಎನ್ನುವ ಮೊದಲೇ ತಂದಳು.

ಗಿರಮಲ್ಲಪ್ಪನ ಓದುವ ಚಾಳೀಸು ಊರಲ್ಲೇ ಉಳಿದಿತ್ತು. ಚನಮಲ್ಲಪ್ಪ ಗಟ್ಟಿಯಾಗಿ ಓದಿದ. ಚಕ್ಬಂದಿ ಓದಿದ. ಆಕ್ಷೇಪಣೆ ಓದಿದ. ಆದೇಶ ಓದಿದ. "ಸ್ಟಾಂಪ್ ಎರಡ ಅದಾವು," ಎಂದೂ ಸೇರಿಸಿದ. ಗಿರಮಲ್ಲಪ್ಪ ಎದ್ದು ಹೋಗಿ ಪರದೆಯ ಕೆಳಗಿನ ಸಂದಿನಲ್ಲಿ ಬೆರಳು ಜೋಡಿಸಿ ಇಟ್ಟು ನೋಡಿದ.

"ನಾಕ ಬಟ್ಟ ಹೋಗೇತಿ, ತಮ್ಮಾ."

ಆರು ವರ್ಷದ ಮೇಲೆ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು.

"ಒಂದ ಕಿಡಕ್ಯಾಗ ನಾಕ ಬಟ್ಟ ಹ್ವಾದ್ರ, ಮೂರ ಎಕರೆದಾಗ ಎಷ್ಟ ಹೋದೀತು ಅಣ್ಣಾ?"

ಅಳತೆ ತಪ್ಪಿಲ್ಲ, ಬಟ್ಟೆ ನೀರಿಗೆ ಬಿದ್ದದ್ದರಿಂದ ಹೀಗಾಯಿತು ಎಂದು ನಾನು ವಿವರಿಸಿದೆ.

"ನಮ್ಮ ಹೊಲದಾಗೂ ಮಳಿ ಆಕೈತ್ರಿ, ಸಾಹೇಬ್ರ," ಎಂದ ಗಿರಮಲ್ಲಪ್ಪ ಬಹಳ ವಿನಯದಿಂದ.

ಅಷ್ಟರಲ್ಲಿ ಚನಮಲ್ಲಪ್ಪನ ಕಣ್ಣು ನಡುಮನೆಯ ಹಸಿರು ಸೀರೆಯ ಮೇಲೆ ಬಿತ್ತು. ಅದನ್ನು ಅಳೆದವರು ಯಾರೆಂದು ಕೇಳಿದ.

"ನಾನ. ಗೇಣಿನಾಗ," ಎಂದಳು ಶಿವವ್ವ.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಕ್ಕಾರ," ಎಂದ ಗಿರಮಲ್ಲಪ್ಪ, "ನಾಳೆ ನಿಮಗ ಪುರಸೊತ್ತ ಐತೇನ್ರಿ?"

ಪರದೆ ಈಗ ಶಿವವ್ವ ತವರಿನಿಂದ ತಂದ ಟ್ರಂಕಿಗೆ ಹೊದಿಕೆಯಾಗಿದೆ. ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಟ್ರಂಕನ್ನು ನಾನು ಅಳೆದಿರಲಿಲ್ಲ.

ಸೋಮವಾರ ಹುನ್ನೂರಿಗೆ ನಾನೂ ಹೋದೆ. ಹಗ್ಗದ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು. ಶಿವವ್ವ ಬದುವಿನ ಉದ್ದಕ್ಕೂ ಹಗ್ಗಕ್ಕೆ ಮೊಳ ಹಾಕುತ್ತ ನಡೆದಳು. ನಾನು ಹಗ್ಗ ಮತ್ತು ಕೊಡೆ ಹಿಡಿದು ಹಿಂದೆ ನಡೆದೆ. ತಂಟೆಯ ಜಾಗಕ್ಕೆ ಬಂದಾಗ ಆಕೆ ನಿಂತು ಅಣ್ಣತಮ್ಮಂದಿರ ಕಡೆ ತಿರುಗಿದಳು.

"ಇಲ್ಲೆ ಬಿಗೀ ಹಿಡೀಬ್ಯಾಡ್ರಿ. ನೀ ಒಂದ ಗೇಣ ಸಡ್ಲ ಬಿಡಪಾ, ಅವಾ ಒಂದ ಗೇಣ ಬಿಡ್ಲಿ. ಇಬ್ರಿಗೂ ನಡದಾಡಾಕ ಆಕೈತಿ."

ಇಬ್ಬರೂ ತಲೆಯಾಡಿಸಿದರು. ಆರು ವರ್ಷದ ತಕರಾರು ಎರಡು ಗೇಣಿನಲ್ಲಿ ಮುಗಿಯಿತು. ಗೆರೆ ಚೆನ್ನಾಗಿ ಬಿದ್ದಿತ್ತು. ಅದನ್ನು ನೋಡಿದರೆ ನನಗೆ ತಿಳಿಯುತ್ತದೆ.

ನನ್ನ ಅಕ್ಷರ ದುಂಡಗಿದೆ ಎಂದು ಪಂಚನಾಮೆ ಬರೆಯುವ ಕೆಲಸ ನನಗೇ ಬಂತು. ಬೇವಿನ ಗಿಡದ ಕೆಳಗೆ ಕೂತು ಬರೆದೆ. ಅಳೆದವರು, ಶಿವವ್ವ. ಹಗ್ಗ ಹಿಡಿದವರು, ನಾನು. ಕಡೆಯ ಸಾಲು 'ಆಕ್ಷೇಪಣೆ ಇದ್ದಲ್ಲಿ' ಎಂಬುದಕ್ಕೆ ಬಂದಾಗ ತಲೆಯೆತ್ತಿದೆ. ಶಿವವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿ ನನ್ನ ರಬ್ಬರ್ ಸ್ಟಾಂಪು ಇತ್ತು.

'ಇಲ್ಲ' ಎಂದು ಬರೆದು ಸಹಿ ಮಾಡಿದೆ.