ಬೇಳೆ ಡಬ್ಬದ ನಾವಿಕ

ಬೆಳಕು ಹರಿಯುವುದಕ್ಕೆ ಮೊದಲು ಅವಳು ಬಾಗಿಲ ಚಿಲಕ ತೆಗೆದು ಹಾಲಿನ ಪ್ಯಾಕೆಟ್ ಒಳಗೆ ತರುತ್ತಾಳೆ. ಹಾಲು ಕಾಯಲಿಡುತ್ತಾಳೆ. ರಾತ್ರಿ ಎಲ್ಲರೂ ಉಂಡ, ಯಾರೂ ತೊಳೆಯದ ತಟ್ಟೆಗಳನ್ನು ತೊಳೆಯುತ್ತಾಳೆ. ಬೇಳೆ ನೆನೆಹಾಕುತ್ತಾಳೆ. ಅತ್ತೆಗೆ ಬಿಸಿನೀರು, ಅತ್ತೆಯ ಮಾತ್ರೆ, ಗಂಡನ ಅಂಗಿಗೆ ಇಸ್ತ್ರಿ, ಮಗಳ ಒಂಟಿ ಕಾಲುಚೀಲದ ಜೊತೆಗಾರನ ಹುಡುಕಾಟ, ಮೂರು ಊಟದ ಡಬ್ಬಿ, ವಾಷಿಂಗ್ ಮೆಷೀನಿಗೆ ಒಂದು ಹೊರೆ ಬಟ್ಟೆ. ಇಷ್ಟರ ಮಧ್ಯೆ, ಹಾಲು ಉಕ್ಕುವುದಕ್ಕೂ ಕುಕ್ಕರ್ ಕೂಗುವುದಕ್ಕೂ ನಡುವೆ ಸಿಗುವ ಸಂದಿಯಲ್ಲಿ, ನಿಂತುಕೊಂಡೇ, ಒಂದು ಕೈಯಲ್ಲಿ ಸೌಟು ಹಿಡಿದು, ಹದಿನೇಳರ ಹುಡುಗಿಯೊಬ್ಬಳನ್ನು ಹಡಗು ಹತ್ತಿಸುತ್ತಾಳೆ!

ಹೌದು, ಅವಳಿಗೆ ನಲವತ್ತಾರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಳ್ಳುವ ಕೆಲಸ. ಓದುವುದು ಹದಿಹರೆಯದವರ ಪ್ರೇಮ ಕಾದಂಬರಿ. ಬರೀ ಓದುವುದಲ್ಲ, ಕೂಡಿಡುವುದು. ಹೊಸ ಪುಸ್ತಕ ಬಂದರೆ ಮೊದಲು ಮೂಗಿಗೆ ಒತ್ತಿಕೊಳ್ಳುತ್ತಾಳೆ. ಬೆನ್ನು ಮುರಿಯಬಾರದೆಂದು ಅರ್ಧವಷ್ಟೇ ತೆರೆದು, ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಓದುತ್ತಾಳೆ. ಪುಟದ ಮೂಲೆ ಮಡಚುವವರನ್ನು ಕಂಡರೆ ಅವಳಿಗೆ ಕೊಲೆಗಡುಕರನ್ನು ಕಂಡಂತೆ.

ಮೂರು ವರ್ಷದ ಹಿಂದೆ ಇಂಥದೊಂದು ಪುಸ್ತಕ ಸೋಫಾದ ಮೇಲೆ ಉಳಿದುಬಿಟ್ಟಿತ್ತು. ಮನೆಗೆ ಬಂದ ನೆಂಟರ ಮುಂದೆ ಗಂಡ ಅದರ ಹಿಂಬದಿಯನ್ನು ನಾಟಕದ ದನಿಯಲ್ಲಿ ಓದಿದ: "ಅವನ ಕಣ್ಣಲ್ಲಿ ಸಮುದ್ರ, ಅವಳೆದೆಯಲ್ಲಿ ಸುಳಿಗಾಳಿ..." ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವಳೂ ನಕ್ಕಳು. ನಕ್ಕು, ಒಳಗೆ ಹೋಗಿ, ನಕ್ಕವರಿಗೆಲ್ಲ ಟೀ ಮಾಡಿದಳು. ಟೀ ಸೋಸುತ್ತಲೇ ಶಪಥ ಮಾಡಿದಳು: "ಇನ್ನು ನನ್ನ ಒಂದು ಪುಟವೂ ಈ ಮನೆಯವರ ಕಣ್ಣಿಗೆ ಬೀಳಕೂಡದು. ಬಿದ್ದರೆ ನನ್ನ ಹೆಸರು ಬದಲಾಯಿಸಿ!"

ಶಪಥವೇನೋ ಭೀಷ್ಮನದೇ. ಆದರೆ ಮೂರೇ ಕೋಣೆಯ ಮನೆಯಲ್ಲಿ ಬಚ್ಚಿಡುವುದೆಲ್ಲಿ? ಅವಳು ಒಂದು ದಿನವಷ್ಟೇ ಯೋಚಿಸಿದಳು. ಉತ್ತರ ಕೈಯಲ್ಲೇ ಇತ್ತು. ಈ ಮನೆಯಲ್ಲಿ ಕಬ್ಬಿಣದ ಪೆಟ್ಟಿಗೆಗಿಂತ ಭದ್ರವಾದ ಜಾಗ ಯಾವುದು? ಕೆಲಸ ಇರುವ ಜಾಗ! ಅಲ್ಲಿಗೆ ಇನ್ನೊಬ್ಬರ ಕೈ ಬರುವುದೇ ಇಲ್ಲ. ಹಿಟ್ಟಿನ ಡಬ್ಬದ ತಳದಲ್ಲಿ ಪ್ಲಾಸ್ಟಿಕ್ ಸುತ್ತಿದ ಎರಡು. ಇಸ್ತ್ರಿಗೆ ಕಾದಿರುವ ಬಟ್ಟೆರಾಶಿಯ ಕೆಳಗೆ ಆರು. ಒಗೆಯುವ ಪುಡಿಯ ಖಾಲಿ ಡಬ್ಬದಲ್ಲಿ ಮೂರು. ಗ್ಯಾಸ್ ಸಿಲಿಂಡರಿನ ಹಿಂದೆ, ಹೊಲಿಗೆ ಯಂತ್ರದ ಹೊಟ್ಟೆಯಲ್ಲಿ, ನೆಲ ಒರೆಸುವ ಬಕೆಟ್ಟಿನ ಮೇಲಿನ ಹಲಗೆಯಲ್ಲಿ... ಹೀಗೆ ಒಟ್ಟು ಮೂವತ್ತೆಂಟು. ಮೂರು ವರ್ಷ ಒಂದೂ ಸಿಕ್ಕಿಬೀಳಲಿಲ್ಲ.

ಅದರಲ್ಲೂ ಅವಳ ಜೀವವಿದ್ದದ್ದು ನಾವಿಕನ ಸರಣಿಯಲ್ಲಿ. ನಾಲ್ಕನೇ ಭಾಗವನ್ನು ಮೊದಲು ಕೊಂಡವರಿಗೆ ಪ್ರಕಾಶಕರು ಒಂದು ಉಡುಗೊರೆ ಕೊಟ್ಟಿದ್ದರು: ನಾಯಕನೇ ಕೈಯಾರೆ ಬರೆದಂತೆ, ನೀಲಿ ಶಾಯಿಯ ಅಕ್ಷರದಲ್ಲಿ ಅಚ್ಚು ಹಾಕಿದ ಒಂದು ಪ್ರೇಮಪತ್ರ. ಅದನ್ನವಳು ಬೇಳೆ ಡಬ್ಬದಲ್ಲಿ ಇಟ್ಟಿದ್ದಳು. ದಿನಾ ಬೆಳಗ್ಗೆ ಬೇಳೆ ಅಳೆಯುವಾಗ ಒಂದು ಸಲ ಓದಿದರೆ, ಆ ದಿನ ಎಷ್ಟು ಹಲ್ಲು ಕಿತ್ತರೂ ಕ್ಲಿನಿಕ್ಕಿನಲ್ಲಿ ಅವಳ ಮುಖ ಬಾಡುತ್ತಿರಲಿಲ್ಲ.

ಇನ್ನು ಗಂಡನ ವಿಷಯ. ಅವನು ದೊಡ್ಡದೊಂದು ಗೋದಾಮಿನ ಮೇಲ್ವಿಚಾರಕ. ನಲವತ್ತು ಸಾವಿರ ಸಾಮಾನಿನ ನಡುವೆ ಒಂದು ತಿರುಪುಮೊಳೆ ಎಲ್ಲಿದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ. ಮನೆಯಲ್ಲಿ ಮಾತ್ರ, ಕಣ್ಣೆದುರಿನ ಟವೆಲ್ಲಿಗೂ "ಏ, ಟವೆಲ್ ಎಲ್ಲೇ?"

ಅಂಥವನು ಆ ಶನಿವಾರ ರಜಾ ಹಾಕಿ ಘೋಷಿಸಿಬಿಟ್ಟ: "ನಿನ್ನ ಅಡುಗೆಮನೆಗೆ ಒಂದು ಸಿಸ್ಟಮ್ ಇಲ್ಲ. ಇವತ್ತು ನಾನು ಸ್ಟಾಕ್ ತೆಗೀತೀನಿ. ಎಲ್ಲ ಡಬ್ಬಕ್ಕೂ ನಂಬರು. ಸಾಯಂಕಾಲದೊಳಗೆ ಹೇಗಿರುತ್ತೆ ನೋಡು!"

ಅವಳು ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನು ಇಂಥವು ಬಹಳ ಘೋಷಿಸಿದ್ದ. ಯಾವುದೂ ಮಧ್ಯಾಹ್ನದ ನಿದ್ದೆ ದಾಟಿರಲಿಲ್ಲ. ಮೇಲಾಗಿ ಅವಳ ತಲೆಯಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ಅಂದು ಐದನೇ ಭಾಗದ ಬಿಡುಗಡೆ! "ಕ್ಲಿನಿಕ್ಕಲ್ಲಿ ಇವತ್ತು ಜಾಸ್ತಿ ಹೊತ್ತು" ಎಂದು ಹೇಳಿ, ಮಧ್ಯಾಹ್ನ ಸೀದಾ ಪುಸ್ತಕದಂಗಡಿಗೆ ಹೋದಳು.

"ಮಗಳಿಗಾ ಮೇಡಂ?" ಎಂದ ಅಂಗಡಿಯವನು, ಎಂದಿನಂತೆ.

"ಹ್ಞೂಂ, ಮಗಳಿಗೆ," ಎಂದಳು ಅವಳೂ, ಎಂದಿನಂತೆ.

ಪುಸ್ತಕವನ್ನು ಊಟದ ಡಬ್ಬಿಯ ಚೀಲಕ್ಕಿಳಿಸಿ ಮನೆಗೆ ಬಂದರೆ, ಮುಂದಿನ ಕೋಣೆಯಲ್ಲಿ ಕೋರ್ಟು ಸೇರಿತ್ತು. ಮಗಳು ಕುರ್ಚಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಅತ್ತೆ ಸೋಫಾದಲ್ಲಿ. ಗಂಡ ನಡುವೆ ನಿಂತು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ...

ನೀಲಿ ಶಾಯಿಯ ಪತ್ರ!

"ಬಂದ್ಯಾ? ಕೂತ್ಕೋ," ಎಂದ ಗಂಡ.

ಹೊರಗಿನಿಂದ ಬಂದ ತಕ್ಷಣ ಅವಳಿಗೆ 'ಕೂತ್ಕೋ' ಎಂದವರು ಆ ಮನೆಯಲ್ಲಿ ಅದೇ ಮೊದಲು. ಯಾರೋ ತೀರಿಕೊಂಡರು ಅಂದುಕೊಂಡೇ ಅವಳು ಕೂತಳು.

"ಎಲ್ಲ ಡಬ್ಬಕ್ಕೂ ಚೀಟಿ ಅಂಟಿಸಿ, ತೂಕ ಮಾಡೋಣ ಅಂತ ಮೊದಲನೇದು ತೆಗೆದೆ. ಬೇಳೆ ಡಬ್ಬ. ಅ-ಒಂದು. ಅದರಲ್ಲಿ ಇದು! ಕೇಳು: 'ನನ್ನ ಬಿರುಗಾಳಿಯೇ, ಮೂರು ರಾತ್ರಿಯಿಂದ ನಿನ್ನ ಕಿಟಕಿಯ ದೀಪವನ್ನೇ ನೋಡುತ್ತಿದ್ದೇನೆ. ನಿನ್ನಪ್ಪ ನನ್ನನ್ನು ಒಪ್ಪಲಾರ. ಭಾನುವಾರ, ಉಬ್ಬರದ ಹೊತ್ತಿಗೆ ಬಂದುಬಿಡು. ದೋಣಿ ಸಿದ್ಧವಿದೆ. ನಿನ್ನ ನಾವಿಕ.' ಭಾನುವಾರ ಅಂದ್ರೆ ನಾಳೆ! ಗೊತ್ತಾಯ್ತಾ? ನಾಳೆ!"

"ಅಪ್ಪಾ, ಈ ಊರಿಗೆ ಸಮುದ್ರವೇ ಇಲ್ಲ," ಎಂದಳು ಮಗಳು ಹಲ್ಲು ಕಚ್ಚಿ. "ನಾವಿಕ ಎಲ್ಲಿಂದ ಬರ್ತಾನೆ? ನಲ್ಲಿಯಿಂದಾನಾ?"

"ಹಡಗು ಬರದಿದ್ರೇನು, ಹುಡುಗ ಬಂದಿದ್ದಾನಲ್ಲ," ಎಂದರು ಅತ್ತೆ. "ಅಕ್ಷರ ಮಾತ್ರ ದುಂಡಗಿದೆ ಕಣೋ. ಒಳ್ಳೆ ಮನೆತನದವನೇ ಇರಬೇಕು."

"ಅಮ್ಮಾ, ನೀನು ಸುಮ್ನಿರು! 'ನಿನ್ನಪ್ಪ ಒಪ್ಪಲಾರ' ಅಂತ ಬರೆದಿದ್ದಾನೆ. ನನ್ನ ಸ್ವಭಾವ ಕೂಡ ಗೊತ್ತು ಅವನಿಗೆ! ಬುಧವಾರದ ಕಾಲೇಜು ಪ್ರವಾಸ ರದ್ದು. ಪ್ರಿನ್ಸಿಪಾಲರಿಗೆ ಈಗಲೇ ಫೋನ್ ಮಾಡ್ತೀನಿ. ಇಂಥ ನಾವಿಕರನ್ನ ಕಾಲೇಜಲ್ಲಿ ಯಾಕೆ ಇಟ್ಕೊಂಡಿದ್ದೀರಿ ಅಂತ ಕೇಳ್ತೀನಿ."

ಮಗಳ ಕಣ್ಣಲ್ಲಿ ನೀರು ಬಂತು. ಆ ಪ್ರವಾಸಕ್ಕಾಗಿ ಅವಳು ಆರು ತಿಂಗಳಿಂದ ದಿನ ಎಣಿಸುತ್ತಿದ್ದಳು. "ಅಪ್ಪಾ, ಒಂದೇ ಒಂದು ಮಾತು. ನಾನು ಯಾವತ್ತಾದ್ರೂ ಬೇಳೆ ಡಬ್ಬ ಮುಟ್ಟಿದ್ದು ನೋಡಿದ್ದೀರಾ?"

ಕೋರ್ಟು ತಡವರಿಸಿತು.

"ಅದು ನಿಜ," ಎಂದರು ಅತ್ತೆ. "ಬೇಳೆ ಗಿಡದಲ್ಲಿ ಬಿಡುತ್ತೋ ಕಾರ್ಖಾನೆಲಿ ಮಾಡ್ತಾರೋ ಅನ್ನೋದೂ ಇವಳಿಗೆ ಗೊತ್ತಿಲ್ಲ."

"ಹಾಗಾದ್ರೆ ಆ ಡಬ್ಬ ತೆಗೆಯೋರು ಯಾರು?" ಎಂದ ಗಂಡ.

ಮೂರು ಜೊತೆ ಕಣ್ಣುಗಳು ಅವಳತ್ತ ತಿರುಗಿದವು. ಒಂದು ಗಳಿಗೆ ನಿಂತವು. ಆಮೇಲೆ, ಯಾರೂ ಹತ್ತದ ನಿಲ್ದಾಣವನ್ನು ಬಸ್ಸು ದಾಟಿದ ಹಾಗೆ, ಮುಂದೆ ಹೋಗಿಬಿಟ್ಟವು.

"ಇವಳಿಗಾ?" ಗಂಡ ನಕ್ಕ. "ಛೆ, ಬಿಡಿ."

"ಇವಳಿಗೆಲ್ಲಿ ಪುರುಸೊತ್ತು?" ಎಂದರು ಅತ್ತೆ. "ಎದ್ದಾಗಿನಿಂದ ಮಲಗೋತನಕ ಕೆಲಸ. ಓಡಿಹೋಗೋಕಾದ್ರೂ ಒಂದು ಅರ್ಧ ಗಂಟೆ ಬೇಡವೇನೋ?"

ಮಗಳ ಮೇಲೆ ಹೊರಿಸಿದ್ದು ಒಂದು ಅನ್ಯಾಯ. ಅದಕ್ಕೆ ಹೇಗೂ ಬಾಯಿ ಬಿಡಲೇಬೇಕಿತ್ತು, ಬಿಟ್ಟರೆ ಮೂರು ವರ್ಷದ ಶಪಥ ಮಣ್ಣುಪಾಲು, ಮತ್ತೆ ಆ ನಾಟಕದ ದನಿ, ಮತ್ತೆ ಆ ನಗು. ಅದನ್ನವಳು ಲೆಕ್ಕ ಹಾಕುತ್ತಲೇ ಇದ್ದಳು. ಆದರೆ ಇದು? ತನಗೊಂದು ಪ್ರೇಮಪತ್ರ ಬರಲು ಯಾವ ಅಡ್ಡಿಯೂ ಇಲ್ಲ, ಪುರುಸೊತ್ತೊಂದೇ ಇಲ್ಲ ಎನ್ನುವ ಈ ತೀರ್ಪು? ಅವಳ ಅಂಗಾಲಿನ ಉರಿ ನೆತ್ತಿಗೇರಿತು.

"ಅದು ನನ್ನ ಕಾಗದ!"

ಯಾರೂ ಬೆಚ್ಚಲಿಲ್ಲ. ಗಂಡ ಕನಿಕರದಿಂದ ತಲೆಯಾಡಿಸಿದ. "ಮಗಳನ್ನ ಕಾಪಾಡೋಕೆ ತಪ್ಪು ಮೈಮೇಲೆ ಹಾಕ್ಕೋಬೇಡ. ತಾಯಿ ಕರುಳು ಅಂದ್ರೆ ಹೀಗೇ. ನನಗೆ ಅರ್ಥ ಆಗುತ್ತೆ."

"ಕರುಳೂ ಇಲ್ಲ, ಪಿತ್ತಕೋಶವೂ ಇಲ್ಲ!" ಅವಳು ಎದ್ದೇ ನಿಂತಳು. "ರೀ, ಆ ಫೋನ್ ಕೆಳಗಿಡಿ. ಪೆನ್ನು ತಗೊಳ್ಳಿ. ಸ್ಟಾಕ್ ತೆಗೀತೀನಿ ಅಂದ್ರಲ್ಲ, ಬನ್ನಿ, ತೆಗೆಯೋಣ!"

ಮೆರವಣಿಗೆ ಅಡುಗೆಮನೆಯಿಂದ ಹೊರಟಿತು. ಅವಳು ಮೊಣಕೈತನಕ ತೋಳು ಇಳಿಬಿಟ್ಟು ಹಿಟ್ಟಿನ ಡಬ್ಬದಿಂದ ಎರಡು ಪುಸ್ತಕ ಎತ್ತಿದಳು. "ಬರ್ಕೊಳ್ಳಿ. ಎರಡು." ಸಿಲಿಂಡರ್ ಸರಿಸಿದಳು. "ಐದು." ಒಗೆಯುವ ಪುಡಿಯ ಡಬ್ಬ. "ಮೂರು." ಗಂಡ ಬಾಯಿ ಬಿಟ್ಟುಕೊಂಡು ಗೀಚತೊಡಗಿದ. ಮಗಳು ಕಣ್ಣೊರೆಸಿಕೊಂಡು ಹಿಂದೆ ಬಂದಳು. ಅತ್ತೆ ಊರುಗೋಲು ಸಮೇತ. ಅವಳು ನಾವಿಕನ ನಾಲ್ಕನೇ ಭಾಗವನ್ನು ತೆರೆದು, ಅದರಲ್ಲೇ ಅಚ್ಚಾಗಿದ್ದ ಅದೇ ಪತ್ರವನ್ನು ಗಂಡನ ಮೂಗಿಗೆ ಹಿಡಿದಳು. "ಓದಿ! ಇನ್ನೊಂದು ಸಲ ನಾಟಕದ ದನಿಯಲ್ಲಿ ಓದಿ!"

ಅವನು ತಲೆತಗ್ಗಿಸಿ ಲೆಕ್ಕ ಬರೆದುಕೊಂಡ. ಇಸ್ತ್ರಿ ಬಟ್ಟೆಯ ರಾಶಿಯಿಂದ ಆರು ಹೊರಬಂದಾಗ ಕ್ಷೀಣವಾಗಿ ಕೇಳಿದ: "ಇದರ ಮೇಲೆ ನನ್ನ ಅಂಗಿಗಳೇ ಇದ್ದವಲ್ಲೇ?"

"ಮೂರು ವರ್ಷದಿಂದ! ನಲವತ್ತು ಸಾವಿರ ಸಾಮಾನು ಕಾಯೋರು ನೀವು. ಒಂದೇ ಒಂದು ದಿನ ನಿಮ್ಮ ಅಂಗಿ ನೀವೇ ಎತ್ತಿಕೊಂಡಿದ್ರೆ ಸಿಕ್ಕಿಬೀಳ್ತಿದ್ದೆ."

ಮೂವತ್ತೆಂಟು ಪುಸ್ತಕ ಊಟದ ಮೇಜಿನ ಮೇಲೆ ಗೋಪುರವಾದವು. ಚೀಲದಿಂದ ಮೂವತ್ತೊಂಬತ್ತನೆಯದು ಶಿಖರಕ್ಕೇರಿತು.

"ಆದರೂ... ಈ ವಯಸ್ಸಲ್ಲಿ, ಚಿಕ್ಕ ಹುಡುಗೀರ ಪುಸ್ತಕ?" ಎಂದ ಗಂಡ.

"ಹದಿನೇಳರಲ್ಲಿ ನಾನು ತಮ್ಮಂದಿರಿಗೆ ಊಟದ ಡಬ್ಬಿ ಕಟ್ತಿದ್ದೆ. ಆಗ ಓದೋಕೆ ಆಗಲಿಲ್ಲ, ಈಗ ಓದ್ತೀನಿ. ಅರವತ್ತರಲ್ಲೂ ಓದ್ತೀನಿ. ನಗೋರು ನಗಬಹುದು. ಆದ್ರೆ ನಗೋವಾಗ ಟೀ ನೀವೇ ಮಾಡ್ಕೊಂಡು ನಗಿ!"

ಯಾರೂ ನಗಲಿಲ್ಲ. ಪ್ರವಾಸ ಮತ್ತೆ ಊರ್ಜಿತವಾಯಿತು. ಗಂಡನಿಗೆ ಕೆಲಸದಲ್ಲಿ ಬಂದಿದ್ದ 'ಉತ್ತಮ ಗೋದಾಮು' ಪ್ರಶಸ್ತಿ ಫಲಕಗಳು ಮುಂದಿನ ಕೋಣೆಯ ಕಪಾಟಿನಿಂದ ಮಂಚದಡಿಗೆ ಹೋದವು. ಆ ಜಾಗದಲ್ಲಿ ಮೂವತ್ತೊಂಬತ್ತು ಬೆನ್ನುಗಳು, ಎತ್ತರದ ಪ್ರಕಾರ, ಬೀದಿಗೆ ಕಾಣುವ ಹಾಗೆ ನಿಂತವು. ಸಂಪೂರ್ಣ ವಿಜಯ! ಅವಳು ಹೆಮ್ಮೆಯಿಂದ ಪಾತ್ರೆ ತೊಳೆಯಲು ಹೋದಳು.

ತೊಳೆದು ಬರುವಷ್ಟರಲ್ಲಿ ಐದನೇ ಭಾಗ ಮಾಯ!

"ನನಗೇನು ಗೊತ್ತು?" ಎಂದ ಗಂಡ, ಒಂದನೇ ಭಾಗದಿಂದ ತಲೆಯೆತ್ತದೆ. "ನಾನು ಸುಮ್ನೆ ಇದರಲ್ಲಿ ಏನಿದೆ ಅಂತ ಪರಿಶೀಲಿಸ್ತಿದ್ದೀನಿ." ಮಗಳು ಎರಡನೆಯದರಲ್ಲಿ ಮುಳುಗಿದ್ದಳು. ಅತ್ತೆ ಮುಸುಕೆಳೆದು ಮಲಗಿದ್ದರು. ಭಾನುವಾರ, ಸೋಮವಾರ, ಮಂಗಳವಾರ, ಮನೆಯಲ್ಲಿ ಎಲ್ಲರ ಕೈಯಲ್ಲೂ ಪುಸ್ತಕ, ಪುಸ್ತಕದ ಯಜಮಾನಿಯ ಕೈಯಲ್ಲಿ ಮಾತ್ರ ಸೌಟು! "ಟೀ ಆಯ್ತಾ?" ಎಂದು ಮೂರು ಪುಟಗಳ ಹಿಂದಿನಿಂದ ಮೂರು ದನಿ.

ಬುಧವಾರ ನಸುಕಿಗೇ ಮಗಳನ್ನು ಪ್ರವಾಸದ ಬಸ್ಸು ಹತ್ತಿಸಿ ಬಂದದ್ದಾಯಿತು. ಗುರುವಾರ, ಇನ್ನೂ ಕತ್ತಲು. ಹಾಲು ಫ್ರಿಜ್ಜಿನಲ್ಲಿಟ್ಟು, ಬೇಳೆ ಅಳೆಯಲು ಅವಳು ಅ-ಒಂದರ ಮುಚ್ಚಳ ತೆಗೆದಳು. ಲೋಟಕ್ಕೆ ಏನೋ ಗಟ್ಟಿಯಾಗಿ ತಾಗಿತು. ನಿನ್ನೆ ಇರಲಿಲ್ಲ. ಪ್ಲಾಸ್ಟಿಕ್ ಸುತ್ತಿದ ಐದನೇ ಭಾಗ! ನಡುವೆ ಗುರುತಿಗೆ ಮಾತ್ರೆಯ ಖಾಲಿ ಪಟ್ಟಿ. ಆ ಮಾತ್ರೆಯನ್ನು ದಿನಾ ಬೆಳಗ್ಗೆ ತಾನೇ ಬಿಡಿಸಿ, ಅತ್ತೆಯ ಅಂಗೈಗೆ ಹಾಕುತ್ತಿದ್ದಳಲ್ಲ!

ಮುದುಕಿಯ ಬುದ್ಧಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಮಗ ಈ ಡಬ್ಬ ಮುಟ್ಟುವುದಿಲ್ಲ, ಒಂದು ಸಲ ಮುಟ್ಟಿ ಸುಸ್ತಾಗಿದ್ದಾನೆ. ಸೊಸೆ ದಿನಾ ಮುಟ್ಟುತ್ತಾಳೆ, ನಿಜ. ಮುಟ್ಟಲಿ, ನೋಡಲಿ. ಓದಲು ಅವಳಿಗೆಲ್ಲಿ ಪುರುಸೊತ್ತು?

ಅವಳು ಡಬ್ಬ ನೋಡಿದಳು, ಪುಸ್ತಕ ನೋಡಿದಳು. ತೊಳೆಯುವ ತಟ್ಟೆಗಳಿದ್ದವು. ಇಸ್ತ್ರಿ ಇತ್ತು. ಊಟದ ಡಬ್ಬಿಗಳು ಬಾಯಿ ತೆರೆದು ಕೂತಿದ್ದವು. ಬೇಳೆಯನ್ನು ಒಣಗಿದ್ದ ಹಾಗೇ ಬಿಟ್ಟು ಮುಚ್ಚಳ ಹಾಕಿದಳು. ಮುಂದಿನ ಕೋಣೆಗೆ ಹೋಗಿ, ದೀಪ ಹಾಕಿ, ಗಂಡನ ಆರಾಮಕುರ್ಚಿಯಲ್ಲಿ ಕಾಲು ಮೇಲಿಟ್ಟು ಕೂತು, ಮೊದಲ ಪುಟ ತೆರೆದಳು.

ಆರು ಗಂಟೆಗೆ ಗಂಡ ಎದ್ದು ಬಂದ. ಕುರ್ಚಿ ನೋಡಿದ, ಅವಳನ್ನು ನೋಡಿದ, ತಣ್ಣಗಿದ್ದ ಒಲೆಯನ್ನೂ ನೋಡಿದ.

"ಟೀ?"

"ನಾವಿಕ ಈಗ ತಾನೇ ಲಂಗರು ಎತ್ತಿದ್ದಾನೆ. ಹಾಲು ಫ್ರಿಜ್ಜಿನಲ್ಲಿದೆ."

ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಯುದ್ಧದ ಸದ್ದು. ಆಮೇಲೆ ಸಣ್ಣ ದನಿ: "ಏ... ಸಕ್ಕರೆ ಅ-ಒಂಬತ್ತಾ, ಆ-ನಾಲ್ಕಾ? ಪಟ್ಟಿ ಎಲ್ಲೋ ಕಳೆದುಹೋಗಿದೆ."

ಅವಳು ಪುಟ ತಿರುಗಿಸಿದಳು. ಒಳಕೋಣೆಯಿಂದ ಅತ್ತೆಯ ದನಿ ಕೇಳಿತು: "ಪುರುಸೊತ್ತು ಎಲ್ಲಿಂದ ಬಂತೇ ನಿನಗೆ?"

"ಬರಲಿಲ್ಲ ಅತ್ತೆ. ನಾನೇ ತಗೊಂಡೆ!"

"ತಗೋ, ತಗೋ. ಹತ್ತೊಂಬತ್ತನೇ ಅಧ್ಯಾಯದಲ್ಲಿರೋ ನನ್ನ ಗುರುತು ಮಾತ್ರ ಬೀಳಿಸಬೇಡ. ಮತ್ತೆ, ಕೊನೇ ಹತ್ತು ಪುಟ ಹುಡುಕಬೇಡ. ನೀನು ಮೊದಲು ಮುಗಿಸಿ ಕಥೆ ಹೇಳಿಬಿಟ್ರೆ ಅಂತ ಹರಿದು ದಿಂಬಿನ ಕೆಳಗೆ ಇಟ್ಕೊಂಡಿದ್ದೀನಿ."

ಹರಿದು! ಬೆನ್ನು ಮುರಿಯಬಾರದೆಂದು ಬಾಗಿಲ ಸಂದಿಯಷ್ಟೇ ತೆರೆದು ಓದುವವಳ ಪುಸ್ತಕವನ್ನು, ಹರಿದು! ಏಳಬೇಕು, ಒಳಗೆ ನುಗ್ಗಬೇಕು, ದಿಂಬು ಎತ್ತಬೇಕು ಎಂದು ಕಾಲು ಕೆಳಗಿಟ್ಟಳು. ಒಮ್ಮೆ ಎದ್ದರೆ ಬಿಸಿನೀರು, ಮಾತ್ರೆ, ಸಕ್ಕರೆ, ಇಸ್ತ್ರಿ ಎಲ್ಲವೂ ಒಂದೊಂದಾಗಿ ಬಂದು ಕೈಹಿಡಿಯುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಕಾಲನ್ನು ಮತ್ತೆ ಮೇಲಿಟ್ಟುಕೊಂಡಳು. ದಡದ ಮಾತು ಆಮೇಲೆ. ಸಮುದ್ರ ಇನ್ನೂ ಮುನ್ನೂರು ಪುಟವಿತ್ತು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಜೀವಮಾನದಲ್ಲೇ ಮೊದಲ ಸಲ, ಬೆನ್ನು ಲಟಕ್ಕೆನ್ನುವ ಹಾಗೆ ಪೂರ್ತಿ ತೆರೆದಳು.